ಡ್ಯಾಡ್‌ಗ್ಯಾಡ್ ಟ್ಯೂನಿಂಗ್ ಮಾಡಿರೋ ಗಿಟಾರಿಗೆ ಕ್ಯಾಪೋ ಹಾಕ್ಬೋದಾ? ಹಾಡೋರ ಶ್ರುತಿ ಕಪ್ಪು ಎರಡು

ಧಾರಾಳವಾಗಿ ಹಾಕಿ. ಕ್ಯಾಪೋ ಅಂದ್ರೆ ಗಿಟಾರ್ ಕತ್ತಿನ ಮೇಲೆ ಎಲ್ಲಾ ತಂತಿನೂ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್, ಫ್ರೆಟ್ ಅಂದ್ರೆ ಆ ಕತ್ತಿನ ಮೇಲಿರೋ ಅಡ್ಡ ಪಟ್ಟಿ. ಮೊದಲನೇ ಫ್ರೆಟ್‌ಗೆ ಹಾಕಿದ್ರೆ ಕಪ್ಪು ಎರಡು ಬಂದೇ ಬಿಡ್ತು. ನೀವು ಕೇಳಿರೋದು ಎರಡು, ಭಾವಗೀತೆ ಹಾಡೋ ನಿಮ್ಮ ಅಕ್ಕನಿಗೋಸ್ಕರ ತಂತಿನೇ ಏರಿಸ್ಬೇಕಾ ಇಲ್ಲಾ ಕ್ಯಾಪೋ ಸಾಕಾ ಅಂತ, ಆಮೇಲೆ ಕ್ಯಾಪೋ ಹಾಕಿದ ತಕ್ಷಣ ಶ್ರುತಿ ಕೆಡೋದು ಯಾಕೆ ಅಂತ.

ಡ್ಯಾಡ್‌ಗ್ಯಾಡ್ ಅಂದ್ರೆ ದಪ್ಪ ತಂತಿಯಿಂದ ಶುರು ಮಾಡಿ ಡಿ ಎ ಡಿ ಜಿ ಎ ಡಿ. ಡಿ ನ ಸ ಅಂತ ಹಿಡ್ಕೊಳ್ಳಿ, ಸ ಪ ಸ ಮ ಪ ಸ ಆಯ್ತು, ಹೆಚ್ಚುಕಮ್ಮಿ ತಂಬೂರಿನೇ, ಅದ್ಕೇ ನಮ್ಮ ಹಾಡುಗಳಿಗೆ ಅಷ್ಟು ಚೆನ್ನಾಗಿ ಒಗ್ಗುತ್ತೆ (1960ರ ದಶಕದಲ್ಲಿ ಇದನ್ನ ಬಳಕೆಗೆ ತಂದ ಇಂಗ್ಲೆಂಡಿನ ಡೇವಿ ಗ್ರಹಾಂ ಮೊರಾಕೋದಲ್ಲಿ ಊದ್ ಅನ್ನೋ ಅರಬ್ ತಂತಿವಾದ್ಯ ನುಡಿಸೋರ ಜೊತೆ ಬಾರಿಸೋಕೆ ಅಂತ ಮಾಡ್ಕೊಂಡಿದ್ದಂತೆ). ಹಾರ್ಮೋನಿಯಂ ಲೆಕ್ಕದಲ್ಲಿ ಡಿ ಅಂದ್ರೆ ಬಿಳಿ ಎರಡು, ಒಂದು ಫ್ರೆಟ್ ಮೇಲೆ ಕಪ್ಪು ಎರಡು. ತಂತಿ ಏರಿಸೋ ಪ್ರಶ್ನೆನೇ ಇಲ್ಲ.

ಇನ್ನೊಂದು ಮಾತು, ಕ್ಯಾಪೋ ಬದಲಾಯಿಸೋದು ಎತ್ತರ ಮಾತ್ರ, ಖಾಲಿ ತಂತಿಲಿ ಯಾವ ಸ್ವರ ಇರ್ಬೇಕು ಅನ್ನೋದು ಟ್ಯೂನಿಂಗ್ ಕೆಲಸ. ಹಾಗಾಗಿ ಕ್ಯಾಪೋನ ಹಾಡೋರನ್ನ ನೋಡಿ ಹಾಕಿ, ಟ್ಯೂನಿಂಗನ್ನ ಹಾಡು ನೋಡಿ ಮಾಡಿ. ಎಲ್ಲದಕ್ಕೂ ಡ್ಯಾಡ್‌ಗ್ಯಾಡೇ ಇಟ್ಕೊಂಡು ಕೂತ್ರೆ ಆಗಲ್ಲ. ಹಾಡು ಮೋಹನ ರಾಗದಲ್ಲಿದೆ ಅನ್ಕೊಳ್ಳಿ, ಅದ್ರಲ್ಲಿ ಮ ನೇ ಇಲ್ಲ, ಕಲ್ಯಾಣಿಲಿ ಇರೋದು ಪ್ರತಿ ಮಧ್ಯಮ (ಜಿ ಕೊಡೋದು ಶುದ್ಧ ಮಧ್ಯಮ), ಎರಡ್ರಲ್ಲೂ ಮೂರನೇ ತಂತಿ ಜಿ ಸುಮ್ನೆ ಮಧ್ಯೆ ಬಂದು ಚುಚ್ತಾ ಇರತ್ತೆ. ಅದೊಂದನ್ನ ಅರ್ಧ ಸ್ವರ ಇಳಿಸಿ ಎಫ್ ಶಾರ್ಪ್ ಮಾಡಿ, ಅಂತರ ಗಾಂಧಾರ ಸಿಗತ್ತೆ, ಸ ಪ ಸ ಗ ಪ ಸ. ಟ್ಯೂನರ್ ತೋರಿಸೋದಕ್ಕಿಂತ 14 ಸೆಂಟ್ಸ್‌ನಷ್ಟು (ಅರ್ಧ ಸ್ವರಕ್ಕೆ ನೂರು ಸೆಂಟ್ಸ್) ಕೆಳಗೆ ಇಟ್ಟು ತಂಬೂರಿ ಆ್ಯಪ್ ಜೊತೆ ಒಂದ್ಸಲ ಕೇಳಿ ನೋಡಿ, ಆ ಗಾಂಧಾರ ಎಷ್ಟು ತಣ್ಣಗೆ ಕೂರತ್ತೆ ಅಂತ. ಹಿಂದೋಳ ಆದ್ರೆ ಪಂಚಮನೇ ಇಲ್ವಲ್ಲ, ಅಲ್ಲಿ ಎರಡು ಎ ತಂತಿ ಝೇಂ ಅಂತಿದ್ರೆ ಹಾಡೋರಿಗೆ ಹಿಂಸೆ, ಅದಕ್ಕೆ ಡಿ ಜಿ ಡಿ ಜಿ ಸಿ ಡಿ ಮಾಡಿ, ಸ ಮ ಸ ಮ ನಿ ಸ. ಮೂರಕ್ಕೂ ಅದೇ ಮೊದಲನೇ ಫ್ರೆಟ್ ಕ್ಯಾಪೋ.

ಈಗ ಶ್ರುತಿ ಕೆಡೋ ವಿಷ್ಯ. ಮಾಮೂಲಿ ಟ್ಯೂನಿಂಗಿಂದ ತಂತಿ ಇಳಿಸಿದ್ರೆ ಸಡಿಲ ಆಗತ್ತೆ, ಸಡಿಲ ತಂತಿನ ಕ್ಯಾಪೋ ಒತ್ತಿದಾಗ ಬಿಗಿ ತಂತಿಗಿಂತ ಜಾಸ್ತಿ ಏರತ್ತೆ, ಅದ್ರಲ್ಲೂ ಆ ದಪ್ಪ ಡಿ. ಸ್ಪ್ರಿಂಗ್ ಕ್ಲಿಪ್ ಕ್ಯಾಪೋ ಇದ್ರೆ ಅದು ಒತ್ತಿದ್ದೇ ಒತ್ತಿದ್ದು, ಸ್ಕ್ರೂ ಇರೋದಾದ್ರೆ ತಂತಿ ಗರ್ ಅನ್ನೋದು ನಿಲ್ಲೋ ತನಕ ಬಿಗಿ ಮಾಡಿ ಸಾಕು ಮಾಡ್ಬೋದು, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ನನ್ನ ವೋಟು ಅದಕ್ಕೇ. ಕ್ಯಾಪೋನ ಫ್ರೆಟ್ ಪಟ್ಟಿಗೆ ಅಂಟ್ಕೊಂಡ ಹಾಗೆ, ಅದರ ಹಿಂದೆನೇ ನೆಟ್ಟಗೆ ಕೂರಿಸಿ. ಮೊದ್ಲು ಕ್ಯಾಪೋ ಇಲ್ದೆ ಟ್ಯೂನ್ ಮಾಡಿ, ಪ್ರತಿ ತಂತಿನೂ ಬೆರಳಲ್ಲಿ ಸ್ವಲ್ಪ ಎಳೆದು ಬಿಟ್ಟು ಮತ್ತೆ ನೋಡಿ, ಯಾಕಂದ್ರೆ ಇಳಿಸಿದ ತಂತಿ ಐದು ನಿಮಿಷದಲ್ಲಿ ತಾನೇ ಮೇಲಕ್ಕೆ ಜರುಗತ್ತೆ. ಆಮೇಲೆ ಕ್ಯಾಪೋ ಹಾಕಿ ಇನ್ನೊಂದ್ಸಲ ಸರಿ ಮಾಡಿ. ಜಾಸ್ತಿ ಆದ್ರೆ ನೇರ ಇಳಿಸ್ಬೇಡಿ, ಬೇಕಾದ್ದಕ್ಕಿಂತ ಕೆಳಗೆ ಇಳಿಸಿ ಅಲ್ಲಿಂದ ಮೇಲಕ್ಕೆ ತನ್ನಿ. ಹಾಂ, ಕ್ಲಿಪ್ ಟ್ಯೂನರ್ ಹನ್ನೆರಡೂ ಸ್ವರ ತೋರಿಸೋ ಕ್ರೋಮ್ಯಾಟಿಕ್ ಮೋಡ್‌ನಲ್ಲಿ ಇರ್ಲಿ, ಗಿಟಾರ್ ಮೋಡ್‌ನಲ್ಲಿ ಅದು ಮಾಮೂಲಿ ಇ ಎ ಡಿ ಜಿ ಬಿ ಇ ನೇ ಹುಡುಕ್ತಾ ತಲೆ ತಿನ್ನತ್ತೆ.

ನಾಳೆ ಬಿಳಿ ಐದರಲ್ಲಿ ಹಾಡೋರು ಬಂದ್ರೆ ಐದನೇ ಫ್ರೆಟ್‌ಗೆ ಹೋಗ್ಬೋದು, ಆದ್ರೆ ಬೇಸ್ ಸತ್ತು ಹೋಗತ್ತೆ, ಓಪನ್ ಜಿ ಮಾಡ್ಕೊಳ್ಳಿ, ಡಿ ಜಿ ಡಿ ಜಿ ಬಿ ಡಿ, ಕ್ಯಾಪೋನೇ ಬೇಡ. ಕಪ್ಪು ಒಂದರಲ್ಲಿ ಹಾಡೋ ಗಂಡಸರಾದ್ರೆ ಡಿ ಇಂದ ಕೆಳಗೆ ಕ್ಯಾಪೋ ಹೋಗಲ್ವಲ್ಲ, ಆಗ ಪೂರ್ತಿ ಒಂದು ಸ್ವರ ಇಳಿಸಿ ಸಿ ಜಿ ಸಿ ಎಫ್ ಜಿ ಸಿ, ಮೊದಲನೇ ಫ್ರೆಟ್‌ಗೆ ಕ್ಯಾಪೋ. ಅದಕ್ಕೆ ಮಾತ್ರ 13 ಗೇಜ್‌ನ ದಪ್ಪ ತಂತಿ ಸೆಟ್ ಹಾಕ್ಸಿ, ತೆಳು ತಂತಿಲಿ ಲಟಪಟ ಅನ್ನತ್ತೆ.