ಸೂರ್ಯ ಹತ್ತಿರ ಇದ್ದಾಗಲೇ ಬೀದರ್‌ಗೆ ಚಳಿ

ಪ್ರಶ್ನೆ: ಜನವರಿಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತದೆ ಅಂತೀರಿ. ಹಾಗಿದ್ರೆ ಆಗ ಬೀದರ್ ನಡುಗೋದು, ಮೇ ತಿಂಗಳಲ್ಲಿ ಕಲಬುರಗಿ ಕುದಿಯೋದು ಯಾಕೆ ಸರ್? (ಹುಮನಾಬಾದ್, ಆಳಂದ, ಸೇಡಂ, ಶಹಾಪುರದಿಂದ)

ಉತ್ತರ: ಪ್ರತಿ ಚಳಿಗಾಲದಲ್ಲೂ ಇದೇ ಪ್ರಶ್ನೆ. ನಿಮ್ಮನ್ನು ಬೈಯೋದಿಲ್ಲ. ಭೂಮಿಯ ದಾರಿಯನ್ನು ಕೋಳಿಮೊಟ್ಟೆಯ ಹಾಗೆ ಬರೆದು ತೋರಿಸುವವರ ಮೇಲೆ ನನಗೆ ಸಿಟ್ಟು. ಕೈವಾರ ತಗೊಂಡು 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ನಡುವಿನ ಚುಕ್ಕೆಯಿಂದ 1.7 ಮಿಲಿಮೀಟರ್ ಪಕ್ಕಕ್ಕೆ ಸೂರ್ಯನನ್ನು ಇಡಿ. ಅದೇ ಭೂಮಿಯ ದೀರ್ಘವೃತ್ತ. ಅದರ ಚಪ್ಪಟೆತನ ಪೆನ್ಸಿಲ್ ಗೆರೆಯ ದಪ್ಪದೊಳಗೇ ಅಡಗಿಹೋಗುತ್ತದೆ.

ದೂರ ಬದಲಾಗುತ್ತದೆ, ನಿಜ. ಜನವರಿ ಮೊದಲ ವಾರದಲ್ಲಿ ಸುಮಾರು 14.71 ಕೋಟಿ ಕಿಲೋಮೀಟರ್, ಜುಲೈ ಮೊದಲ ವಾರದಲ್ಲಿ 15.21 ಕೋಟಿ. ವ್ಯತ್ಯಾಸ 50 ಲಕ್ಷ, ಅಂದ್ರೆ ನೂರಕ್ಕೆ ಮೂರು ಚಿಲ್ಲರೆ. ಅದರಿಂದ ಜನವರಿಯಲ್ಲಿ ಇಡೀ ಭೂಮಿಗೆ ಸಿಗುವ ಬಿಸಿಲು ಜುಲೈಗಿಂತ ನೂರಕ್ಕೆ 7ರಷ್ಟು ಜಾಸ್ತಿ.

ಈಗ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನಿಲ್ಲಿಸಿ. ಜನವರಿ 4ರ ನಡುಮಧ್ಯಾಹ್ನ ಕಲಬುರಗಿಯಲ್ಲಿ ಅದರ ನೆರಳು ಸುಮಾರು 84 ಸೆಂಟಿಮೀಟರ್. ಮೇ 10ರ ಆಸುಪಾಸಿನಲ್ಲಿ, 12 ಗಂಟೆ 20ರ ಹೊತ್ತಿಗೆ, ನೆರಳೇ ಇರೋದಿಲ್ಲ. ಚಳಿಗಾಲದ ಬಿಸಿಲು ಓರೆಯಾಗಿ ಹರಡಿಕೊಂಡು ಬೀಳುತ್ತದೆ. ಅಷ್ಟೇ ನೆಲಕ್ಕೆ ಸುಮಾರು ಕಾಲು ಭಾಗ ಕಡಿಮೆ ಸಿಗುತ್ತದೆ. ಮೇಲಾಗಿ ಹಗಲು ಒಂದೂಮುಕ್ಕಾಲು ತಾಸು ಗಿಡ್ಡ. ಭೂಮಿ 23.4 ಡಿಗ್ರಿ ವಾಲಿದ್ದು, ಜನವರಿಯಲ್ಲಿ ನಮ್ಮ ಉತ್ತರದ ಅರ್ಧ ಸೂರ್ಯನಿಂದ ಆಚೆಗೆ ಬಾಗಿರುವುದರಿಂದ ಹೀಗೆ. ದೂರವೇ ಕಾರಣವಾಗಿದ್ರೆ ಇಡೀ ಭೂಮಿಗೆ ಒಟ್ಟಿಗೇ ಬೇಸಿಗೆ ಬರಬೇಕಿತ್ತು. ನಾವು ಚಾದರ ಹೊದ್ದುಕೊಂಡಿರುವಾಗ ಆಸ್ಟ್ರೇಲಿಯಾದಲ್ಲಿ ಸುಡುಬಿಸಿಲು, ಅಲ್ವಾ?

ದೂರದ ನಿಜವಾದ ಗುರುತು ಬೇಕಿದ್ರೆ ಗೋಡೆಯ ಕ್ಯಾಲೆಂಡರ್ ನೋಡಿ. ಹಗಲು-ರಾತ್ರಿ ಸಮ ಆಗುವ ಮಾರ್ಚ್ 20ರಿಂದ ಸೆಪ್ಟೆಂಬರ್ 22ಕ್ಕೆ 186 ದಿನ. ಅಲ್ಲಿಂದ ಮತ್ತೆ ಮಾರ್ಚ್ 20ಕ್ಕೆ 179. ಎರಡೂ ಅರ್ಧ ಸುತ್ತೇ. ಹತ್ತಿರ ಇದ್ದಾಗ ಭೂಮಿ ಸೆಕೆಂಡಿಗೆ 30.3 ಕಿಲೋಮೀಟರ್ ಓಡುತ್ತದೆ, ದೂರ ಇದ್ದಾಗ 29.3. ಹತ್ತಿರ ಇದ್ದಾಗ ಗ್ರಹಕ್ಕೆ ವೇಗ ಜಾಸ್ತಿ ಅಂತ ಖಗೋಳ ವಿಜ್ಞಾನಿ ಕೆಪ್ಲರ್ 1609ರಲ್ಲೇ ಪ್ರಕಟಿಸಿದ್ದ. ಈ ಏಳು ದಿನ ಎಣಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಜುಲೈಯಲ್ಲಿ ‘ಅಫೀಲಿಯನ್’ನಿಂದ (ಭೂಮಿ ಸೂರ್ಯನಿಂದ ಅತಿ ದೂರ ಇರೋದರಿಂದ) ಕೆಮ್ಮು, ನೆಗಡಿ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಉತ್ತರ: ಸುಳ್ಳು. ಅದರ ಹೆಸರಲ್ಲಿ ಕಷಾಯದ ಪುಡಿ ಮಾರುವವರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಪ್ರಶ್ನೆ: ಜನವರಿಯಲ್ಲಿ ಸೂರ್ಯ ದೊಡ್ಡದಾಗಿ ಕಾಣುತ್ತಾನಾ?

ಉತ್ತರ: ಅದೂ ನೂರಕ್ಕೆ ಮೂರರಷ್ಟೇ, ಕಣ್ಣಿಗೆ ತಿಳಿಯೋದಿಲ್ಲ. ದಯವಿಟ್ಟು ನೇರವಾಗಿ ನೋಡಲು ಹೋಗಬೇಡಿ. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಯಾವುದನ್ನೂ ನಂಬಬೇಡಿ. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ, ಗೋಡೆ ಮೇಲೆ ಬೀಳುವ ಬಿಂಬ ನೋಡಿ.