‘ಒಂದು ಪಲ್ಸ್ ಕೂಡ ತಪ್ಪುವುದಿಲ್ಲ’ ಎಂದು ಬರೆಯಬೇಡಿ

ನಮಸ್ಕಾರ.

ಮಣಿಪಾಲದಿಂದ ನೀವು ಕಳಿಸಿದ ‘ಕಣ್ಣೆವೆ ಮುಚ್ಚುವುದರೊಳಗೆ’ ಲೇಖನವನ್ನು ಎರಡು ಸಲ ಓದಿದೆವು. ಭೌತವಿಜ್ಞಾನದ ಡಿಟೆಕ್ಟರ್‌ಗಳಿಂದ (ಕಣ ಹಾಯ್ದಾಗ ಪಲ್ಸ್, ಅಂದರೆ ಕ್ಷಣಿಕ ವಿದ್ಯುತ್ ಸಂಕೇತ, ಕೊಡುವ ಉಪಕರಣಗಳಿಂದ) ಡೇಟಾ ಹಿಡಿದಿಡುವ ವ್ಯವಸ್ಥೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ, ಅದಕ್ಕೇ ಈ ಪತ್ರ ಉದ್ದವಾಗಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲಾಗದು. ತಿದ್ದಿ ಕೊಟ್ಟರೆ ಖಂಡಿತ ಹಾಕುತ್ತೇವೆ.

ದೊಡ್ಡ ತೊಡಕು ಡಿಜಿಟೈಸರ್ (ಪಲ್ಸನ್ನು ಅಂಕಿಗಳಾಗಿಸುವ ಸಾಧನ) ಕುರಿತ ಈ ವಾಕ್ಯದಲ್ಲಿದೆ: ‘ವೇಗದ ಡಿಜಿಟೈಸರ್ ಇದ್ದರೆ ಒಂದು ಪಲ್ಸ್ ಕೂಡ ತಪ್ಪುವುದಿಲ್ಲ.’ ತಪ್ಪುತ್ತದೆ. ಒಂದು ಪಲ್ಸನ್ನು ಓದಿ ಮುಗಿಸಲು ವ್ಯವಸ್ಥೆಗೆ 10 ಮೈಕ್ರೋಸೆಕೆಂಡ್ ಬೇಕು, ಆ ಹೊತ್ತಿನಲ್ಲಿ ಅದು ಬೇರೇನನ್ನೂ ನೋಡದು ಎಂದಿಟ್ಟುಕೊಳ್ಳಿ. ಇದೇ ಡೆಡ್ ಟೈಮ್. ಸೆಕೆಂಡಿಗೆ 10,000 ಪಲ್ಸ್ ಬಂದರೆ 9,091 ದಾಖಲಾಗುತ್ತವೆ. 1,00,000 ಬಂದರೆ ದಾಖಲಾಗುವುದು ಬರೀ 50,000. ಬಂದ ಸಂಖ್ಯೆಯನ್ನು, ಒಂದಕ್ಕೆ ಆ ಸಂಖ್ಯೆ ಮತ್ತು ಡೆಡ್ ಟೈಮ್‌ನ ಗುಣಲಬ್ಧ ಕೂಡಿಸಿ ಬಂದ ಮೊತ್ತದಿಂದ ಭಾಗಿಸಿದರೆ ಈ ಉತ್ತರ ಸಿಗುತ್ತದೆ. ಲೇಖನಕ್ಕೆ ಬೇಕಾದ ಮಾತು ಇದು: ಒಳ್ಳೆಯ ವ್ಯವಸ್ಥೆಯೂ ಪಲ್ಸ್ ಕಳೆದುಕೊಳ್ಳುತ್ತದೆ, ಆದರೆ ಎಷ್ಟು ಕಳೆದುಕೊಂಡೆ ಎಂಬ ಲೆಕ್ಕ ಇಡುತ್ತದೆ. ಬ್ಯುಸಿ ಇದ್ದ ಸಮಯವನ್ನು ಬೇರೆ ಕೌಂಟರ್ ಅಳೆಯುತ್ತಿರಬೇಕು. ಆ ಲೆಕ್ಕ ಇಲ್ಲದಿದ್ದರೆ ಅಳತೆಯನ್ನು ಆಮೇಲೆ ನಂಬಿಕೆಯಿಂದ ಸರಿಪಡಿಸುವುದು ಕಷ್ಟ.

ಡೇಟಾವನ್ನು ಜೋಗ ಜಲಪಾತಕ್ಕೆ ಹೋಲಿಸಿದ್ದೀರಿ. ಜೋಗದಲ್ಲಿ ನೀರು ಬೀಳುತ್ತದೆ, ಯಾರೂ ಆರಿಸುವುದಿಲ್ಲ. ನಿಮ್ಮ ಮನೆ ಹತ್ತಿರದ ಮಲ್ಪೆ ದಕ್ಕೆಯೇ ಇದಕ್ಕೆ ಹೆಚ್ಚು ಹೊಂದುತ್ತದೆ. ಬೋಟಿನಿಂದ ಇಳಿದ ಮೀನಿನಲ್ಲಿ ಬಂಗುಡೆ ಒಂದು ಬುಟ್ಟಿಗೆ, ಬೂತಾಯಿ ಇನ್ನೊಂದಕ್ಕೆ, ಬೇಡದ್ದು ಬದಿಗೆ. ಆರಿಸುವ ಕೈ ಟ್ರಿಗರ್ (ಯಾವ ಪಲ್ಸ್ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸುವ ಭಾಗ), ಬುಟ್ಟಿ ಬಫರ್ (ಡೇಟಾವನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿ). ಬುಟ್ಟಿ ಖಾಲಿಯಾಗುವ ಮೊದಲೇ ಇನ್ನೊಂದು ಬೋಟು ಬಂದರೆ ಏನಾಗುತ್ತದೆ ಎಂದು ಓದುಗರಿಗೆ ಹೇಳಿಕೊಡಬೇಕಿಲ್ಲ.

ಆರಿಸುವುದು ಯಾಕೆ ಬೇಕು ಎಂಬುದನ್ನು ಅಂಕಿಗಳಲ್ಲೇ ತೋರಿಸಿ. ಸೆಕೆಂಡಿಗೆ 25 ಕೋಟಿ ಸ್ಯಾಂಪಲ್ (ಸಂಕೇತದ ಬಿಡಿ ಅಳತೆಗಳು), ಪ್ರತಿ ಸ್ಯಾಂಪಲ್‌ಗೆ 2 ಬೈಟ್ ಎಂದರೆ ಒಂದು ಚಾನೆಲ್‌ಗೆ (ಸಂಕೇತ ಬರುವ ಒಂದು ದಾರಿಗೆ) ಸೆಕೆಂಡಿಗೆ 500 ಮೆಗಾಬೈಟ್. ಎಂಟು ಚಾನೆಲ್‌ಗೆ 4 ಗಿಗಾಬೈಟ್. ಗಿಗಾಬಿಟ್ ಈಥರ್ನೆಟ್ ನೆಟ್‌ವರ್ಕ್ ಕೇಬಲ್ ಹೊರುವುದು ಹೆಚ್ಚೆಂದರೆ 125 ಮೆಗಾಬೈಟ್. ಈಗ ಪಲ್ಸ್ ಬಂದಾಗ ಮಾತ್ರ 2 ಮೈಕ್ರೋಸೆಕೆಂಡ್, ಅಂದರೆ 500 ಸ್ಯಾಂಪಲ್, ಇಟ್ಟುಕೊಳ್ಳಿ. ಚಾನೆಲ್‌ಗೆ ಸೆಕೆಂಡಿಗೆ 10,000 ಪಲ್ಸ್ ಇದ್ದರೂ ಎಂಟಕ್ಕೂ ಸೇರಿ 80 ಮೆಗಾಬೈಟ್. ಅದೇ ಕೇಬಲ್ ಸಾಕಾಯಿತು. ನಿಮ್ಮ ಎರಡು ಪುಟದ ವರ್ಣನೆಗಿಂತ ಈ ಐದಾರು ಸಾಲು ಹೆಚ್ಚು ಹೇಳುತ್ತವೆ.

ಆ 500 ಸ್ಯಾಂಪಲ್‌ಗಳಲ್ಲಿ ಮೊದಲ 100 ಸ್ಯಾಂಪಲ್‌ಗಳು, ಪಲ್ಸ್ ಬರುವುದಕ್ಕೂ ಮುಂಚಿನವು ಎಂಬುದನ್ನು ಬಿಟ್ಟಿದ್ದೀರಿ. ಎಫ್‌ಪಿಜಿಎ (ಬೇಕಾದಂತೆ ರೂಪಿಸಬಹುದಾದ ಚಿಪ್) ಒಳಗಿನ ವರ್ತುಲ ಬಫರ್ ಸದಾ ತುಂಬುತ್ತಾ ಹಳತನ್ನು ಅಳಿಸುತ್ತಾ ಇರುವುದರಿಂದಲೇ ಹಿಂದಕ್ಕೆ ಹೋಗಿ ಅವನ್ನು ತೆಗೆಯಲು ಸಾಧ್ಯ. ಅವುಗಳ ಸರಾಸರಿಯೇ ಬೇಸ್‌ಲೈನ್, ಅಂದರೆ ಪಲ್ಸ್ ಇಲ್ಲದಾಗಿನ ಮಟ್ಟ. ಅದನ್ನು ಕಳೆಯದೆ ಪಲ್ಸ್‌ನ ವಿಸ್ತೀರ್ಣ ಕೂಡಿದರೆ ಶಕ್ತಿಯ ಅಳತೆ ತಪ್ಪುತ್ತದೆ.

‘ಕೇಬಲ್ ಜೋಡಿಸಬೇಕು’ ಎಂದು ಬರೆದು ಮುಂದೆ ಹೋಗಿದ್ದೀರಿ. ಹೊಸಬರು ಎಡವುವುದು ಅಲ್ಲೇ. 50 ಓಮ್ ಕೇಬಲ್‌ನ ತುದಿಗೆ 50 ಓಮ್ ಟರ್ಮಿನೇಶನ್ (ತುದಿಗೆ ಹಾಕುವ ರೆಸಿಸ್ಟರ್) ಇಲ್ಲದಿದ್ದರೆ ಪಲ್ಸ್ ಡಿಟೆಕ್ಟರ್‌ವರೆಗೆ ಹಿಂದೆ ಹೋಗಿ ಮತ್ತೆ ಬರುತ್ತದೆ. ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್, ಆದ್ದರಿಂದ 3 ಮೀಟರ್ ಕೇಬಲ್‌ನಲ್ಲಿ 30 ನ್ಯಾನೋಸೆಕೆಂಡ್ ತಡವಾಗಿ ಎರಡನೇ ಉಬ್ಬು ಏಳುತ್ತದೆ. ಪ್ಲಾಸ್ಟಿಕ್ ಸಿಂಟಿಲೇಟರ್‌ನ (ಕಣ ಹಾಯ್ದಾಗ ಮಿನುಗುವ ವಸ್ತುವಿನ) ಚಿಕ್ಕ ಪಲ್ಸ್ ಆದರೆ ಒಂದು ಕಣ ಎರಡಾಗಿ ಎಣಿಕೆಯಾಗಬಹುದು. ಕೇಬಲ್ ಉದ್ದ ಬದಲಿಸಿದಾಗ ಉಬ್ಬೂ ಸರಿದರೆ ಅದು ಪ್ರತಿಫಲನವೇ.

ನಮ್ಮ ಕರಾವಳಿಯವರು ಬರೆಯಲೇಬೇಕಾದ ಇನ್ನೊಂದು ಸಂಗತಿ ಇದೆ. ಮಳೆಗಾಲದಲ್ಲಿ ಫೋಟೋಮಲ್ಟಿಪ್ಲೈಯರ್‌ನ (ಮಂದ ಬೆಳಕನ್ನು ವಿದ್ಯುತ್ ಪಲ್ಸ್ ಆಗಿಸುವ ಕೊಳವೆಯ) ಹೈವೋಲ್ಟೇಜ್ ಕನೆಕ್ಟರ್‌ಗಳ ಮೇಲೆ ತೇವ ಕೂತು ಕರೆಂಟ್ ಸೋರುತ್ತದೆ, ಸುಳ್ಳು ಟ್ರಿಗರ್ ಏರುತ್ತದೆ. ಸಪ್ಲೈ ಆಫ್ ಮಾಡಿ, ಚಾರ್ಜ್ ಇಳಿಯುವವರೆಗೆ ಕಾದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ವೋಲ್ಟೇಜ್ ಕೊಡಬೇಕು. ಕೊಣಾಜೆಯ ಮೈಕ್ರೋಟ್ರಾನ್ (ಎಲೆಕ್ಟ್ರಾನ್ ವೇಗವರ್ಧಕ) ಕೇಂದ್ರದ ಆಸುಪಾಸಿನ ವಿದ್ಯಾರ್ಥಿಗಳೂ ನಿಮ್ಮ ಲೇಖನ ಓದುತ್ತಾರೆ, ಅವರಿಗೆ ಇದು ನಾಳೆಯೇ ಬೇಕಾಗಬಹುದು.

ಜಿನೀವಾದ ಕಣ ವೇಗವರ್ಧಕ ಎಲ್‌ಎಚ್‌ಸಿ ‘ಎಲ್ಲವನ್ನೂ ಸಂಗ್ರಹಿಸುತ್ತದೆ’ ಎಂಬುದನ್ನು ತೆಗೆಯಿರಿ. ಅಲ್ಲಿ ಕಣಗುಚ್ಛಗಳು 25 ನ್ಯಾನೋಸೆಕೆಂಡಿಗೊಮ್ಮೆ ಎದುರಾಗುತ್ತವೆ. ಅಲ್ಲಿನ ಅಟ್ಲಾಸ್ ಡಿಟೆಕ್ಟರ್‌ನ ಮೊದಲ ಹಂತದ ಟ್ರಿಗರ್ 2.5 ಮೈಕ್ರೋಸೆಕೆಂಡ್ ಒಳಗೆ ತೀರ್ಮಾನಿಸಿ ಸೆಕೆಂಡಿಗೆ ಸುಮಾರು 1,00,000 ಘಟನೆಗಳಿಗೆ ಇಳಿಸುತ್ತದೆ, ಆಮೇಲೆ ಕಂಪ್ಯೂಟರ್‌ಗಳು ಇನ್ನೂ ಜಾಲಿಸುತ್ತವೆ. ಇದಕ್ಕೆ ಒಂದು ಪ್ಯಾರಾ ಸಾಕು.

ಭಾಷೆಯ ಬಗ್ಗೆ ಒಂದೇ ಮಾತು. ‘ದತ್ತಾಂಶಾರ್ಜನಾ ಪ್ರಚೋದಕ’ ಎಂದರೆ ಯಾವ ಲ್ಯಾಬಿನಲ್ಲೂ ಯಾರೂ ತಿರುಗಿ ನೋಡುವುದಿಲ್ಲ. ಟ್ರಿಗರ್ ಎಂದೇ ಬರೆಯಿರಿ.

1,200 ಪದಗಳೊಳಗೆ ಮತ್ತೆ ಕಳಿಸಿ. ಕೊನೆಯ ಪುಟದ ಪಲ್ಸ್ ಚಿತ್ರ ಚೆನ್ನಾಗಿದೆ. ಅಡ್ಡಕ್ಕೆ ನ್ಯಾನೋಸೆಕೆಂಡ್, ಲಂಬಕ್ಕೆ ಮಿಲಿವೋಲ್ಟ್ ನಮೂದಿಸಿ, ಟ್ರಿಗರ್ ಬಿದ್ದ ಜಾಗಕ್ಕೆ ಒಂದು ಗೆರೆ ಎಳೆದು, ಅದನ್ನು ಮೊದಲ ಪುಟಕ್ಕೆ ತನ್ನಿ.