ರೋಚೆಸ್ಟರ್ ಕೋಟೆಯ ಮೂರು ಮೂಲೆ ಚೌಕವಾಗಿದ್ದು, ಒಂದು ಮಾತ್ರ ದುಂಡಗಿರುವುದೇಕೆ?

ಒಂದೇ ಮಾತಲ್ಲಿ ಹೇಳುವುದಾದರೆ, ಹಂದಿಯ ಕೊಬ್ಬಿನ ದೆಸೆಯಿಂದ!

ಇಂಗ್ಲೆಂಡಿನ ಕೆಂಟ್‌ನಲ್ಲಿ ಮೆಡ್ವೇ ನದಿ ದಾಟುವ ಜಾಗವನ್ನು ಕಾಯಲು ನಾರ್ಮನ್ನರು (1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದವರು) ಕಟ್ಟಿದ ಕೋಟೆ ಇದು. ಕಲ್ಲಿನ ಸುತ್ತುಗೋಡೆ ಬಿಷಪ್ ಗಂಡಲ್ಫ್‌ನ ಕಾಲದ್ದು, 1080ರ ದಶಕದ ಕೊನೆಯದು. ನಡುವಿನ ದೊಡ್ಡ ಗೋಪುರವನ್ನು ಕಟ್ಟಿಸಲು ಶುರುಮಾಡಿದ್ದು 1127ರ ಸುಮಾರಿಗೆ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ. ಎತ್ತರ ಸುಮಾರು 34 ಮೀಟರ್. ಬುಡದಲ್ಲಿ ಗೋಡೆಯ ದಪ್ಪವೇ ಮೂರೂವರೆ ಮೀಟರ್.

1215ರಲ್ಲಿ ಇಂಗ್ಲೆಂಡಿನ ದೊರೆ ಕಿಂಗ್ ಜಾನ್‌ನ ವಿರುದ್ಧ ಬಂಡೆದ್ದ ಸರದಾರರು ಒಳಸೇರಿದರು. ಜಾನ್ ಮುತ್ತಿಗೆ ಹಾಕಿದ. ಕಲ್ಲೆಸೆಯುವ ಯಂತ್ರಗಳಿಂದ ಗೋಪುರ ಜಗ್ಗಲಿಲ್ಲ. ಆಗ ಆಗ್ನೇಯ ಮೂಲೆಯ ಅಡಿಪಾಯದ ಕೆಳಗೆ ಸುರಂಗ ತೋಡಿಸಿ, ಮರದ ಆನಿಕೆ ಕೊಟ್ಟು, 'ತಿನ್ನಲು ಬಾರದ, ಚೆನ್ನಾಗಿ ಕೊಬ್ಬಿದ ನಲವತ್ತು ಹಂದಿ ಕಳಿಸಿ' ಎಂಬರ್ಥದ ಆಜ್ಞೆ ಹೊರಡಿಸಿದ. ಕೊಬ್ಬಿನ ಬೆಂಕಿಗೆ ಆನಿಕೆಗಳು ಸುಟ್ಟವು, ಮೂಲೆ ಕುಸಿಯಿತು. ಆದರೂ ಒಳಗಿದ್ದವರು ಶರಣಾಗಲಿಲ್ಲ! ಗೋಪುರವನ್ನು ನಡುವೆ ಸೀಳುವ ಅಡ್ಡಗೋಡೆಯ ಆಚೆಗೆ ಸರಿದು ಕಾದಾಡಿದರು. ಬಾವಿಯೂ ಆ ಗೋಡೆಯೊಳಗೇ ಇದೆ, ಪ್ರತಿ ಅಂತಸ್ತಿನಿಂದಲೂ ನೀರು ಸೇದಬಹುದಿತ್ತು. ಕೊನೆಗೆ ಅವರನ್ನು ಮಣಿಸಿದ್ದು ಹಸಿವು, ನವೆಂಬರ್ 30ರಂದು.

ಜಾನ್‌ನ ಮಗ ಮೂರನೇ ಹೆನ್ರಿಯ ಕಾಲದಲ್ಲಿ ಆ ಮೂಲೆಯನ್ನು ದುಂಡಗೆ ಕಟ್ಟಿದರು. ಚೌಕ ಮೂಲೆಯ ಕಲ್ಲು ಕೀಳುವುದು ಸುಲಭ, ದುಂಡಗಿದ್ದರೆ ಅಷ್ಟು ಸಲೀಸಲ್ಲ.

ಈಗ ಒಳಗೆ ಚಾವಣಿಯಿಲ್ಲ, ಮಹಡಿಗಳಿಲ್ಲ. ತೊಲೆ ಕೂರಿಸಿದ್ದ ತೂತುಗಳು ಸಾಲಾಗಿ ಕಾಣುತ್ತವೆ, ಅಗ್ಗಿಷ್ಟಿಕೆಗಳು ಗೋಡೆಯ ಮೇಲೆ ಅಂತರದಲ್ಲೇ ನೇತಾಡುತ್ತಿವೆ. ಕಮಾನುಗಳ ಅಂಕುಡೊಂಕು ಕೆತ್ತನೆಯನ್ನು ಮಾತ್ರ ತಪ್ಪದೆ ನೋಡಿ, ಅದು ನಾರ್ಮನ್ನರ ಕೈಗುರುತು.